ಮೂರೂ ಮೂಲೆಗೆ ಕಲ್ಲು

ಕಲಬುರಗಿಯವನಾದ ನನಗೂ ನೀರಿಗೂ ಇರುವ ಸಂಬಂಧ ಅಂದರೆ ಕೊಡ, ಬಕೆಟ್, ಬೇಸಿಗೆ ಬಂದರೆ ಟ್ಯಾಂಕರ್. ಗಾಳಿಯದ್ದೂ ಅಷ್ಟೇ. ಚಿಕ್ಕಂದಿನಲ್ಲಿ ಕಣದಲ್ಲಿ ಜೋಳ ತೂರುವಾಗ ಗಾಳಿ ಎತ್ತಲಿಂದ ಬರುತ್ತಿದೆ ಅಂತ ನೋಡದೆ ನಿಂತರೆ ಹೊಟ್ಟೆಲ್ಲ ಕಣ್ಣಿಗೇ ಬರುತ್ತದೆ ಅನ್ನುವುದು ಗೊತ್ತಿತ್ತು. ಇಷ್ಟೇ ಬಂಡವಾಳದಲ್ಲಿ ನಾನು ವಿಂಡ್‌ಸರ್ಫಿಂಗ್‌ಗೆ, ಅಂದರೆ ಹಾಯಿ ಕಟ್ಟಿದ ಹಲಗೆ ಮೇಲೆ ನಿಂತು ಗಾಳಿಯ ಬಲದಲ್ಲಿ ನೀರ ಮೇಲೆ ಸಾಗುವ ಆಟಕ್ಕೆ, ಹೋದೆ.

ಕಾರಣ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ, ಗೋವಾದಲ್ಲಿ ಎರಡು ದಿನ ಕಲಿತು ಬಂದವನು. ಗಾಳಿ ತುಂಬುವ ಹಲಗೆ, ಕಂಬ, ಹಾಯಿ ಎಲ್ಲ ಸೆಕೆಂಡ್ ಹ್ಯಾಂಡ್ ಕೊಂಡು ಕಾರಿನ ನೆತ್ತಿಗೆ ಕಟ್ಟಿಕೊಂಡು ಬಂದ. "ಮಾಮಾ, ಇದು 1984ರಿಂದ ಒಲಿಂಪಿಕ್ಸ್‌ನಾಗ ಅದ" ಅಂದ. ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವುದೂ ಇದೆ, ಹಾಗಂತ ನಾನು ಎತ್ತುತ್ತೇನಾ? ಆದರೂ ಸುಮ್ನೆ ಹ್ಞೂಂ ಅಂದೆ.

ಹೊರಟಿದ್ದು ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಜಲಾಶಯಕ್ಕೆ. ನಮ್ಮ ಜಿಲ್ಲೆ ಅಂದರೆ ಬಿಸಿಲು, ಕರಿ ಮಣ್ಣು, ತೊಗರಿ ಅಂದುಕೊಂಡವರನ್ನು ಒಮ್ಮೆ ಅಲ್ಲಿ ತಂದು ನಿಲ್ಲಿಸಬೇಕು. ಸುತ್ತ ಗುಡ್ಡ, ಕಾಡು, ನಡುವೆ ನೀರು. 2011ರಲ್ಲಿ ವನ್ಯಧಾಮ ಅಂತ ಘೋಷಣೆಯಾದ ಕಾಡು ಅದು. ಅದಕ್ಕೇ ಕೇಳದೆ ನೀರಿಗಿಳಿಯುವ ಹಾಗಿಲ್ಲ. ಕಾವಲಿನವರು ಹಲಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದಕ್ಕ ಇಂಜಿನ್ ಎಲ್ಲದರೀ?"

"ಇಲ್ರೀ, ಗಾಳಿ ಮ್ಯಾಲೆ ನಡೀತದ."

ಅವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. "ಜಾಕೆಟ್ ತೆಗೀಬ್ಯಾಡ್ರಿ, ದೂರ ಹೋಗಬ್ಯಾಡ್ರಿ" ಅಂದರು.

ಮೊದಲು ದೋಣಿ. ಹುಟ್ಟು ಹಾಕುವವನು ಹೋಗಬೇಕಾದ ಕಡೆಗೆ ಬೆನ್ನು ಮಾಡಿ ಕೂರಬೇಕಂತೆ. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಕಾಣದೆ, ಎಲ್ಲಿಂದ ಬಂದೆ ಅನ್ನುವುದನ್ನಷ್ಟೇ ನೋಡುತ್ತ ಸಾಗುವುದು. ನನ್ನ ಬಲಗೈಗೆ ಬಲ ಜಾಸ್ತಿ, ಹಾಗಾಗಿ ದೋಣಿ ಎಡಕ್ಕೆ, ಮತ್ತೆ ಎಡಕ್ಕೆ, ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇತ್ತು. ದಡದಲ್ಲಿ ಬುತ್ತಿ ಕಾಯುತ್ತಿದ್ದ ಹೆಂಡತಿ ಕೂಗಿದಳು: "ರೀ, ರೊಟ್ಟಿ ಬಿಚ್ಚಲೇನು, ಇನ್ನೊಂದು ಸುತ್ತು ಹೊಡೀತೀರೇನು?"

ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ತಿಂದ ಮೇಲೆ ಹಲಗೆ ಹತ್ತಿದೆ. ತಿಂದ ಮೇಲೆ ಹತ್ತಬಾರದಿತ್ತು, ಅದು ಬೇರೆ ಮಾತು. ಈ ಹಲಗೆಗೆ ಚುಕ್ಕಾಣಿ ಇಲ್ಲ. ಕಂಬದ ಬುಡ ಎಲ್ಲ ಕಡೆಗೂ ಬಾಗುತ್ತದೆ, ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆ, ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಕೇಳೋಕೆ ಎಷ್ಟು ಸಲೀಸು ಅಲ್ವಾ? ಆದರೆ ಹಾಯಿ ಮೊದಲು ನೀರಲ್ಲಿ ಮಲಗಿರುತ್ತದೆ. ಬೆನ್ನು ಗಾಳಿಗೆ ಕೊಟ್ಟು, ಹಲಗೆ ಮೇಲೆ ನಿಂತು, ಬಾವಿಯಿಂದ ಕೊಡ ಸೇದಿದ ಹಾಗೆ ಹಗ್ಗ ಹಿಡಿದು ಅದನ್ನು ಎಬ್ಬಿಸಬೇಕು. ಹಾಯಿ ಮೇಲೆ ನೀರಿರುವ ತನಕ ಎಮ್ಮೆ ಎಳೆದಂತೆ ಭಾರ. ನಾನು ಹಲ್ಲು ಕಚ್ಚಿ, ಮೈಯೆಲ್ಲ ಹಿಂದಕ್ಕೆ ವಾಲಿಸಿ ಎಳೆದೆ. ನೀರು ಸುರ್ ಅಂತ ಜಾರಿತು, ಹಾಯಿ ಒಮ್ಮೆಗೇ ಹಗುರಾಯಿತು, ನಾನು ಅಂಗಾತ ನೀರಲ್ಲಿ. ಮೂಗಿನ ತುಂಬ ಜಲಾಶಯ. ಹೀಗೆ ಒಂಬತ್ತು ಸಲ. ಎಣಿಸಿದ್ದು ನಾನಲ್ಲ, ಹೆಂಡತಿ.

ಹತ್ತನೇ ಸಲ ನಿಂತೆ! ಮಳೆಗಾಲದ ಪಡುವಣ ಗಾಳಿ ಹಾಯಿಗೆ ತುಂಬಿತು. ಕಾಲಡಿ ನೀರು ಗುಳುಗುಳು ಅಂತು, ಹಾಯಿಯ ಪ್ಲಾಸ್ಟಿಕ್ ಕಿಟಕಿಯಲ್ಲಿ ಗುಡ್ಡಗಳು ಮೆಲ್ಲಗೆ ಸರಿದವು. ನಿಜ ಹೇಳ್ತೀನಿ, ಖುಷಿಯಾಯಿತು. ಆದರೆ ನಿಲ್ಲಿಸುವುದು ಹೇಗೆ ಅಂತ ಕೇಳಿಯೇ ಇರಲಿಲ್ಲ. ಕೈ ಬಿಟ್ಟರೆ ಸಾಕು, ಹಾಯಿ ಬೀಳುತ್ತದೆ, ಹಲಗೆ ನಿಲ್ಲುತ್ತದೆ. ಹೆದರಿದವನು ಕೈ ಬಿಡುತ್ತಾನಾ? ಇನ್ನೂ ಬಿಗಿಯಾಗಿ ಹಿಡಿದೆ. ಎದುರು ದಡದ ಕೆಸರಿಗೆ ಹೋಗಿ ಗುದ್ದಿದೆ.

ಅಲ್ಲಿ ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದ ಅಜ್ಜ ಒಬ್ಬರು ನನ್ನ ಒದ್ದಾಟ ನೋಡಿದರು. ನಾನು ಹಾಯಿ ಎಬ್ಬಿಸುವುದು, ಅದು ಮತ್ತೆ ದಡಕ್ಕೇ ತಂದು ಹಾಕುವುದು.

"ತಮ್ಮಾ, ಗಾಳಿ ಈ ಕಡಿ ಬರಾಕತ್ತದ. ನೀ ಆ ಕಡಿ ಹೋಗ್ತೀನಂದ್ರ ಹ್ಯಾಂಗ?"

ಗಾಳಿಗೆ ನೇರ ಎದುರಾಗಿ ಹಾಯಿ ಹೋಗುವುದಿಲ್ಲ, ಓರೆಯಾಗಿ ಆ ಕಡೆ ಈ ಕಡೆ ಅಂಕುಡೊಂಕು ಹೋಗಬೇಕು ಅಂತ ಅಳಿಯ ಆಮೇಲೆ ಹೇಳಿದ. ಅಜ್ಜ ಗೋವಾಕ್ಕೆ ಹೋಗದೆಯೇ ಅರ್ಧ ಹೇಳಿಬಿಟ್ಟಿದ್ದರು.

ಕೊನೆಗೆ ಅಳಿಯ ದೋಣಿ ತಂದ. ಅವನೂ ಬೆನ್ನು ಮಾಡಿ ಕೂತಿದ್ದನಲ್ಲ, ನೇರ ಬಂದು ನನ್ನ ಹಲಗೆಗೇ ಡಿಕ್ಕಿ ಹೊಡೆದ. ಒಂದು ಚಪ್ಪಲಿ ಕೆಸರಲ್ಲೇ ಉಳಿಯಿತು. ಹಲಗೆಯನ್ನು ಹಿಂದೆ ಕಟ್ಟಿಕೊಂಡು, ಇಬ್ಬರೂ ಒಂದೊಂದು ಹುಟ್ಟು ಹಿಡಿದು, ಪರಸ್ಪರ ಬೈದುಕೊಳ್ಳುತ್ತ ವಾಪಸ್ಸು ಬಂದೆವು.

ಹಾಯಿ ಒಣಗಲಿ ಅಂತ ಮನೆಯ ಮಾಳಿಗೆ ಮೇಲೆ ಹಾಸಿದ್ದೆವು. ಮರುದಿನ ಅಳಿಯ ಮೇಲೆ ಹೋದವನು ಅಲ್ಲಿಂದಲೇ ಕೂಗಿದ. ಅವನ ಹಿಂದೆ ಹತ್ತಿ ನೋಡಿದರೆ, ಅವ್ವ ಗಿರಣಿಗೆ ಕಳಿಸಬೇಕಿದ್ದ ಗೋಧಿಯನ್ನು ತೊಳೆದು ಹಾಯಿ ತುಂಬ ಹರವಿದ್ದಳು.

"ಅಂಜಬ್ಯಾಡೋ" ಅಂದಳು ಮೊಮ್ಮಗನಿಗೆ, "ಗಾಳಿಗೆ ಹಾರಬಾರದಂತ ಮೂರೂ ಮೂಲಿಗೆ ಕಲ್ಲಿಟ್ಟೀನಿ."