ಔಷಧಿ ಕೂಡಿಸಿದವನೇ ಚಾಕು ಅದ್ದಲಿ

ಶಿರಸಿ ಕಡೆ ಮಳೆ ಹಿಡಿಯುವ ಮೊದಲೇ ಅಡಿಕೆಗೆ ಕೊಳೆ ಔಷಧಿ ಹೊಡೆಯಬೇಕು. 1 ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು ಡ್ರಮ್ಮಿನ 50 ಲೀಟರಿಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಿ, ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ, ಮತ್ತಷ್ಟು ಸುಣ್ಣ ಬೇಕು. ಈ ಪರೀಕ್ಷೆ ಔಷಧಿ ಕೂಡಿಸಿದವನದೇ ಕೆಲಸ. ಕಾಯಿ ಉದುರಿದ ಮೇಲೆ ತೋಟದವರು ನೋಡಿಕೊಳ್ಳಲಿ ಎಂದು ಯಾರೂ ಬಿಡುವುದಿಲ್ಲ.

ಸಾಫ್ಟ್‌ವೇರ್ ಬರೆಯುವ ನಾವು ಬಿಡುತ್ತೇವೆ.

ಸೊಸೈಟಿಯೊಂದರ ವೆಬ್‌ಸೈಟನ್ನೇ ತೆಗೆದುಕೊಳ್ಳಿ. ಸದಸ್ಯರು ಲಾಗಿನ್ ಆಗಿ ಅಡಿಕೆ ತೂಕ, ಟೆಂಡರ್ ದರ, ಸಾಲದ ಬಾಕಿ ನೋಡುತ್ತಾರೆ. ಬ್ರೌಸರಿನ ಮೇಲ್ತುದಿಯ ವಿಳಾಸದಲ್ಲಿ ಸದಸ್ಯ ಸಂಖ್ಯೆ 1042 ಎಂದಿರುತ್ತದೆ. ಅದನ್ನು 1043 ಮಾಡಿ ಎಂಟರ್ ಒತ್ತಿದರೆ ಪಕ್ಕದ ಮನೆಯವರ ಸಾಲ ತೆರೆದುಕೊಳ್ಳಬಹುದು. ಪ್ರೋಗ್ರಾಮರ್ ‘ಲಾಗಿನ್ ಆಗಿದ್ದಾರೆಯೇ’ ಎಂದಷ್ಟೇ ಕೇಳಿ, ‘ಈ ಖಾತೆ ಇವರದೇ ಹೌದೇ’ ಎಂದು ಕೇಳದೆ ಬಿಟ್ಟಾಗ ಹೀಗಾಗುತ್ತದೆ. ಒಂದೇ ಲಾಗಿನ್ನಿಂದ ಅದರದೇ ಪುಟ ತೆರೆದು ಪರೀಕ್ಷಿಸಿದರೆ ಈ ತಪ್ಪು ಎಂದಿಗೂ ಕಾಣದು, ಎಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ. ಸದಸ್ಯ ಸಂಖ್ಯೆಯನ್ನು ವಿಳಾಸದಿಂದಲ್ಲ, ಸರ್ವರಿನಲ್ಲಿರುವ ಸೆಷನ್ನಿಂದ, ಅಂದರೆ ಲಾಗಿನ್ ಆದವರು ಯಾರೆಂದು ಸರ್ವರ್ ಇಟ್ಟುಕೊಂಡ ಗುರುತಿನಿಂದ, ಓದಬೇಕು. ವಿಳಾಸದಿಂದಲೇ ಓದುವುದಾದರೆ ಪ್ರತಿ ಸಲವೂ ಖಾತೆ ಯಾರದೆಂದು ತಾಳೆ ನೋಡಬೇಕು. ಎರಡು ಲಾಗಿನ್ ಇಟ್ಟುಕೊಂಡು ಒಬ್ಬರದರಿಂದ ಇನ್ನೊಬ್ಬರ ಪುಟ ತೆರೆಯಲು ನೋಡುವುದೇ ನಮ್ಮ ಕಸುಬಿನ ಚಾಕು.

ನಾನಿರುವ ಜರ್ಮನಿಗೂ ನಮ್ಮೂರಿಗೂ ವ್ಯತ್ಯಾಸ ಕಾಣುವುದು ಪ್ರೋಗ್ರಾಮರುಗಳ ಜಾಣತನದಲ್ಲಿ ಅಲ್ಲ, ಹೊಣೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದರಲ್ಲಿ. ಯುರೋಪಿನ ಸೈಬರ್ ರೆಸಿಲಿಯೆನ್ಸ್ ಆ್ಯಕ್ಟ್ 2024ರ ಡಿಸೆಂಬರ್ 10ರಂದು ಜಾರಿಗೆ ಬಂತು. ಅದರ ಮುಖ್ಯ ನಿಯಮಗಳು ಅನ್ವಯವಾಗುವುದು 2027ರ ಡಿಸೆಂಬರ್ 11ರಿಂದ. ಮಾರುಕಟ್ಟೆಗೆ ಬಿಡುವ ಡಿಜಿಟಲ್ ಉತ್ಪನ್ನಕ್ಕೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಭದ್ರತಾ ಅಪ್‌ಡೇಟ್ ಕೊಡಬೇಕು. ದುರುಪಯೋಗವಾಗುತ್ತಿರುವ ದೋಷ ಗೊತ್ತಾದ 24 ಗಂಟೆಯೊಳಗೆ ಮೊದಲ ಸೂಚನೆ ಕೊಡಬೇಕು. ಇವೆರಡೂ ತಯಾರಿಸಿದವರ ಹೊಣೆ.

ನಮ್ಮಲ್ಲಿ ನಿಯಮ ಸಡಿಲವೇನಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶ ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೇ ತಿಳಿಸಿ ಎನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಪಾಲಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ಆ ದಂಡ ಬೀಳುವುದು ಮಾಹಿತಿ ಇಟ್ಟುಕೊಂಡ ಸಂಸ್ಥೆಯ ಮೇಲೆ. ಅಂದರೆ ಕೋಡ್ ಬರೆದುಕೊಟ್ಟು ಬಿಲ್ ಪಡೆದು ಹೋದವನಲ್ಲ, ಸೊಸೈಟಿಯೇ ಉತ್ತರ ಕೊಡಬೇಕು. ಇದು ನನಗೆ ಸರಿ ಕಾಣುವುದಿಲ್ಲ.

ಕಾನೂನು ಬದಲಾಗುವವರೆಗೆ ಕೆಲಸದ ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು: ಬಳಸಿದ ಹೊರಗಿನ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹೆಸರು, ಆವೃತ್ತಿ ಸಮೇತ ಪಟ್ಟಿ, ಎಷ್ಟು ವರ್ಷ ಭದ್ರತಾ ದುರಸ್ತಿ, ದೋಷ ತಿಳಿಸಿದರೆ ಎಷ್ಟು ದಿನದಲ್ಲಿ ಸರಿಪಡಿಸುವುದು, ಪಾಸ್‌ವರ್ಡುಗಳನ್ನು ಇದ್ದ ಹಾಗೇ ಇಡದೆ ಆರ್ಗನ್2 ಅಥವಾ ಬಿಕ್ರಿಪ್ಟ್‌ನಂಥ ವಿಧಾನದಲ್ಲಿ ಹ್ಯಾಶ್ ಮಾಡಿ (ಹಿಂದಕ್ಕೆ ತಿರುಗಿಸಿ ಓದಲಾಗದ ಹಾಗೆ ಬದಲಿಸಿ) ಇಡುವುದು. ಪಟ್ಟಿ ಯಾಕೆಂದರೆ, 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಲೈಬ್ರರಿಯ ದೋಷ ಹೊರಬಿದ್ದಾಗ ಅದು ತಮ್ಮ ಸಾಫ್ಟ್‌ವೇರಿನಲ್ಲಿದೆಯೋ ಇಲ್ಲವೋ ಎಂದು ಹುಡುಕುವುದರಲ್ಲೇ ಎಷ್ಟೋ ಸಂಸ್ಥೆಗಳ ದಿನಗಳು ಹೋದವು.

ಕೊನೆಯ ಕಂತು ಕೊಡುವ ಮೊದಲು ಪ್ರೋಗ್ರಾಮರನನ್ನು ಸೊಸೈಟಿಗೇ ಕರೆಸಿ, ಕಾರ್ಯದರ್ಶಿಯ ಎದುರು ಆ ಎರಡು ಲಾಗಿನ್ನಿನ ಪರೀಕ್ಷೆಯನ್ನು ಅವನ ಕೈಯಲ್ಲೇ ಮಾಡಿಸಿ. ಅರ್ಧ ಗಂಟೆ ಸಾಕು.