ಒತ್ತಡದ ಆಕ್ಸಿಜನ್ ಎಲ್ಲ ಕಾಯಿಲೆಗೂ ಮದ್ದಲ್ಲ

ಹೈಪರ್‌ಬ್ಯಾರಿಕ್ ಆಕ್ಸಿಜನ್ ಥೆರಪಿಯಿಂದ ಆಟಿಸಂ, ಅಲ್ಜೈಮರ್ಸ್, ಕ್ಯಾನ್ಸರ್ ಎಲ್ಲವೂ ವಾಸಿಯಾಗುತ್ತವೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ.

ಚಿಕಿತ್ಸೆ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿದ ಕೋಣೆಯಲ್ಲಿ ಗಾಳಿಯ ಒತ್ತಡವನ್ನು ಮಾಮೂಲಿಗಿಂತ 2ರಿಂದ 3 ಪಟ್ಟು ಏರಿಸಿ ಶುದ್ಧ ಆಕ್ಸಿಜನ್ ಉಸಿರಾಡಿಸುತ್ತಾರೆ. ಆಗ ರಕ್ತದ ನೀರಿನಂಶದಲ್ಲೂ ಆಕ್ಸಿಜನ್ ಜಾಸ್ತಿ ಕರಗುತ್ತದೆ. ಆಳ ಸಮುದ್ರದ ಮುಳುಗುಗಾರರಿಗೆ ನೀರಿನ ಒತ್ತಡ ಥಟ್ಟನೆ ಇಳಿದಾಗ ಬರುವ ಕಾಯಿಲೆ, ಕಾರ್ಬನ್ ಮಾನಾಕ್ಸೈಡ್ ವಿಷ, ವಾಸಿಯಾಗದ ಕೆಲವು ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ರೇಡಿಯೇಶನ್‌ನಿಂದಾದ ಹಾನಿ, ಇವಕ್ಕೆ ಇದನ್ನು ವೈದ್ಯರೇ ಬಳಸುತ್ತಾರೆ.

ಆದರೆ ಹುಣ್ಣಿಗೆ ಆಗುವುದು ಮಿದುಳಿಗೂ ಆಗುತ್ತದೆ ಅನ್ನೋದು ಬರೀ ಊಹೆ. ಆಟಿಸಂ ಬಗ್ಗೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆಗೆ ಲಾಭದ ಪುರಾವೆ ಸಿಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಆಟಿಸಂ, ಕ್ಯಾನ್ಸರ್‌ಗೆ ಇದನ್ನು ಒಪ್ಪಿಲ್ಲ.

"ಆಕ್ಸಿಜನ್ ತಾನೇ, ಏನಾಗುತ್ತೆ?" ಎಂದು ಕೇಳುವವರಿದ್ದಾರೆ. ಕಿವಿಯ ತಮಟೆ ಹರಿಯಬಹುದು, ಶ್ವಾಸಕೋಶಕ್ಕೆ ಪೆಟ್ಟಾಗಬಹುದು, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಆಕ್ಸಿಜನ್ ತುಂಬಿದ ಕೋಣೆಯಲ್ಲಿ ಒಂದು ಕಿಡಿ ಸಾಕು. 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಹೀಗೆ 5 ವರ್ಷದ ಮಗುವೊಂದು ಸತ್ತಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಮನೆಗೆ ಮಾರುವ ಮೆತ್ತನೆಯ ಚೀಲದಂಥ ಕೋಣೆಗಳು. ಅವುಗಳ ಒತ್ತಡ ಸುಮಾರು 1.3 ಪಟ್ಟು ಮಾತ್ರ. ಆಸ್ಪತ್ರೆಯದೂ ಅದೂ ಒಂದೇ ಅಲ್ಲ. ಯಾರಾದರೂ ಸಲಹೆ ಕೊಟ್ಟರೆ ದುಡ್ಡು ಕಟ್ಟುವ ಮುಂಚೆ ನಿಮ್ಮ ಕಾಯಿಲೆ ನೋಡುತ್ತಿರುವ ವೈದ್ಯರನ್ನೇ ಕೇಳಿ. ನಡೆಯುತ್ತಿರುವ ಔಷಧಿಯನ್ನು ಮಾತ್ರ ಸುಮ್ನೆ ನಿಲ್ಲಿಸಬೇಡಿ.