ಗೂನುಬೆನ್ನಿನ ತಗಡು

ಇಂಗ್ಲೆಂಡಿನ ಮನೆಗಳನ್ನು ಬೀದಿಯಿಂದ ನೋಡಬಾರದು, ರೈಲಿನಿಂದ ನೋಡಬೇಕು. ಬೀದಿಯಿಂದ ಎಲ್ಲವೂ ಒಂದೇ ಥರ. ಅದೇ ಕೆಂಪು ಇಟ್ಟಿಗೆ, ಅದೇ ಕಿಟಕಿ, ಅಳತೆ ಹಿಡಿದು ಕತ್ತರಿಸಿದ ಅದೇ ಗಿಡದ ಬೇಲಿ. ರೈಲು ಮಾತ್ರ ಹಿತ್ತಲ ಕಡೆಯಿಂದ ಹೋಗುತ್ತದೆ. ಅಲ್ಲಿ ಮುಚ್ಚುಮರೆ ಏನೂ ಇಲ್ಲ. ಮಳೆ ಬಂದರೂ ಒಳಗೆ ತರದ ಬಟ್ಟೆ, ಮಕ್ಕಳು ಕಾಲೇಜಿಗೆ ಹೋದಮೇಲೂ ಬಿಸಾಡದ ಮೂರು ಗಾಲಿ ಸೈಕಲ್ಲು, ಯಾವಾಗಲೋ ಶುರು ಮಾಡಿ ಅರ್ಧಕ್ಕೇ ಬಿಟ್ಟ ತರಕಾರಿ ಮಡಿ. ಇವುಗಳ ನಡುವೆ ಒಮ್ಮೊಮ್ಮೆ, ನೆಲದಿಂದ ಗೂನುಬೆನ್ನು ಎತ್ತಿ ಕೂತ ತಗಡಿನ ಗೂಡೊಂದು ಕಣ್ಣಿಗೆ ಬೀಳುತ್ತದೆ. ಅಲೆ ಅಲೆಯಾದ ದಪ್ಪ ತಗಡು. ಮೇಲೆ ಪಾಚಿ, ಪಕ್ಕದಲ್ಲಿ ಮುಳ್ಳಿನ ಪೊದೆ. ಹಳೇ ಶೆಡ್ಡು ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ. ಶೆಡ್ಡು ಹೌದು. ಆದರೆ ಅದನ್ನು ಮಾಡಿದ್ದು ಬಾಂಬಿನಿಂದ ಆರು ಜನರ ಜೀವ ಉಳಿಸಲು.

ಇದರ ಹೆಸರು ಆಂಡರ್ಸನ್ ಶೆಲ್ಟರ್. ಸರ್ ಜಾನ್ ಆಂಡರ್ಸನ್ ಎಂಬ ಮಂತ್ರಿಯ ಹೆಸರು ಅದು. 1938ರ ಕೊನೆಯಲ್ಲಿ, ಎರಡನೇ ಮಹಾಯುದ್ಧ ಇನ್ನೇನು ಬಂದೇಬಿಟ್ಟಿತು ಅನ್ನುವ ಹೊತ್ತಿಗೆ, ಊರಿನ ಜನರನ್ನು ವಿಮಾನ ದಾಳಿಯಿಂದ ಕಾಪಾಡುವ ಹೊಣೆ ಇವರ ತಲೆಗೆ ಬಂತು. ನಮಗೂ ಈ ಸಾಹೇಬರು ಪೂರ್ತಿ ಅಪರಿಚಿತರಲ್ಲ. 1932ರಿಂದ 1937ರವರೆಗೆ ಬಂಗಾಳದ ಗವರ್ನರ್ ಆಗಿದ್ದವರು. 1934ರಲ್ಲಿ ಡಾರ್ಜಿಲಿಂಗ್ ಹತ್ತಿರದ ಲೆಬಾಂಗ್ ಕುದುರೆ ರೇಸಿನ ಮೈದಾನದಲ್ಲಿ ಬಂಗಾಳದ ಕ್ರಾಂತಿಕಾರಿಗಳು ಇವರ ಮೇಲೆ ಗುಂಡು ಹಾರಿಸಿದರು. ಗುಂಡು ತಪ್ಪಿತು, ಸಾಹೇಬರು ಉಳಿದರು. ಜೀವ ಉಳಿಸಿಕೊಳ್ಳುವ ಇಲಾಖೆಗೆ ಅನುಭವಸ್ಥರನ್ನೇ ಹುಡುಕಿ ಕೂರಿಸಿದ್ದರು ಅನ್ನಿ. ತಗಡಿನ ಲೆಕ್ಕಾಚಾರ ಮಾಡಿದವರು ಮಾತ್ರ ವಿಲಿಯಂ ಪ್ಯಾಟರ್ಸನ್ ಮತ್ತು ಕೆರಿಸನ್ ಎಂಬ ಇಬ್ಬರು ಎಂಜಿನಿಯರುಗಳು. ಅವರನ್ನು ಯಾರೂ ನೆನೆಸುವುದಿಲ್ಲ. ದುಡಿದವರು ಒಬ್ಬರು, ಹೆಸರು ಮಂತ್ರಿಗಳದ್ದು. ಇದು ನಮಗೇನು ಹೊಸದಲ್ಲವಲ್ಲ!

ಕಮಾನಿನಂತೆ ಬಗ್ಗಿಸಿದ ಆರು ತಗಡುಗಳನ್ನು ನೆತ್ತಿಯಲ್ಲಿ ಬೋಲ್ಟ್ ಹಾಕಿ ಕೂಡಿಸುವುದು. ಎರಡು ತುದಿಗೂ ಚಪ್ಪಟೆ ತಗಡು. ಒಂದು ಕಡೆ ನುಸುಳಲು ಕಿಂಡಿ. ಅಷ್ಟೇ. ಎತ್ತರ 6 ಅಡಿ, ಉದ್ದ ಆರೂವರೆ ಅಡಿ, ಅಗಲ ನಾಲ್ಕೂವರೆ ಅಡಿ. ಆರು ಜನಕ್ಕೆ ಇಷ್ಟು ಜಾಗ. ನಮ್ಮ ಸ್ಲೀಪರ್ ಕೋಚಿನ ಒಂದು ಖಾನೆಯನ್ನು ಕಿತ್ತು ಮಣ್ಣಲ್ಲಿ ಹೂತರೆ ಹೇಗೋ ಹಾಗೆ. ಕಿಟಕಿ ಇಲ್ಲ, ಟೀ ಮಾರುವವನೂ ಬರುವುದಿಲ್ಲ. ಮೊದಲು 4 ಅಡಿ ಗುಂಡಿ ತೋಡಬೇಕು. ತಗಡು ನಿಲ್ಲಿಸಿ, ತೋಡಿದ ಮಣ್ಣನ್ನೇ ಮೇಲೆ ಕನಿಷ್ಠ 15 ಇಂಚು ಹೊದಿಸಬೇಕು. ನಿಜವಾದ ಕೆಲಸ ಮಾಡುವುದು ಈ ಮಣ್ಣೇ. ಬಾಂಬಿನ ಚೂರುಗಳು ಬಂದು ಮಣ್ಣಲ್ಲಿ ಹೂತುಹೋಗುತ್ತವೆ. ಸಿಡಿತದ ಹೊಡೆತಕ್ಕೆ ತಗಡು ಅದುರುತ್ತದೆ, ಸ್ವಲ್ಪ ಬಗ್ಗುತ್ತದೆ, ಮುರಿಯುವುದಿಲ್ಲ. ಬಾಂಬು ನೇರ ನೆತ್ತಿ ಮೇಲೆಯೇ ಬಿದ್ದರೆ ಯಾವ ತಗಡೂ ಉಳಿಸುವುದಿಲ್ಲ. ಅದು ಒಳಗೆ ಕೂತವರಿಗೂ ಗೊತ್ತಿತ್ತು.

ಮೊದಲ ಶೆಲ್ಟರ್ ಬಂದಿಳಿದದ್ದು 1939ರ ಫೆಬ್ರವರಿಯಲ್ಲಿ, ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ದುಡಿಯುವವರಿಗೆ ಪುಕ್ಕಟೆ, ಉಳಿದವರಿಗೆ 7 ಪೌಂಡು. ಯುದ್ಧ ಶುರುವಾಗುವ ಹೊತ್ತಿಗೆ ಸುಮಾರು 15 ಲಕ್ಷ ಹಂಚಿ ಆಗಿತ್ತು. ಒಟ್ಟು ತಯಾರಾದದ್ದು 36 ಲಕ್ಷ. ಆದರೆ ಕೊಟ್ಟದ್ದು ತಗಡು ಮಾತ್ರ, ಗುಂಡಿ ನಿಮ್ಮದು. ಹಿತ್ತಲೇ ಇಲ್ಲದ ಬಡವರಿಗೆ ಪುಕ್ಕಟೆ ತಗಡಿನಿಂದ ಆಗಬೇಕಾದ್ದೇನೂ ಇರಲಿಲ್ಲ. ಲಂಡನ್ನಿನ ಪೂರ್ವದ ಗಲ್ಲಿಗಳಲ್ಲಿ ಅಂಥವರೇ ಹೆಚ್ಚು, ಬಾಂಬು ಬಿದ್ದದ್ದೂ ಅಲ್ಲೇ ಹೆಚ್ಚು. ಈ ಅಂಶವನ್ನು ಇಲ್ಲಿನವರು ಈಗ ಸಂಭ್ರಮದ ನೆನಪುಗಳಲ್ಲಿ ಮೆಲ್ಲಗೆ ದಾಟಿಬಿಡುತ್ತಾರೆ ಅಂತ ನನಗೆ ಅನ್ನಿಸುತ್ತದೆ.

ನಾವಿರುವುದು ಕೊವೆಂಟ್ರಿಯಲ್ಲಿ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಬೆಳಗಿನ ಜಾವದವರೆಗೂ ಸುತ್ತಿ ಸುತ್ತಿ ಸುಟ್ಟ ಊರು. ಒಂದೇ ರಾತ್ರಿಯಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಸುಟ್ಟುಹೋದ ಕೆಥೀಡ್ರಲ್ಲಿನ ಗೋಡೆಗಳನ್ನು ಹಾಗೇ ಉಳಿಸಿಕೊಂಡು ಪಕ್ಕದಲ್ಲಿ ಹೊಸದನ್ನು ಕಟ್ಟಿದ್ದಾರೆ. ಊರಿಂದ ಯಾರೇ ಬಂದರೂ ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಅಮ್ಮ ಬಂದಾಗಲೂ ಹೋದೆವು. ಸೂರಿಲ್ಲದ ದೇವಸ್ಥಾನ ನೋಡಿ ಕೈಮುಗಿದು ಬಂದಳು. ಆದರೆ ಅವಳಿಗೆ ಪ್ರಶ್ನೆ ಹುಟ್ಟಿದ್ದು ಮನೆಗೆ ಬಂದು ಅಡುಗೆಮನೆ ಕಿಟಕಿಯಿಂದ ಪಕ್ಕದ ಹಿತ್ತಲಿನ ತಗಡಿನ ಗೂಡು ನೋಡಿದಾಗ. "ಇವರೂ ಕೋಳಿ ಸಾಕಿದ್ರೇನೋ?" ಅಂದಳು. ತಮಾಷೆ ಅಂದರೆ, ಯುದ್ಧ ಮುಗಿದಮೇಲೆ ಎಷ್ಟೋ ಆಂಡರ್ಸನ್ನುಗಳಲ್ಲಿ ಕೋಳಿಗಳೇ ಇದ್ದವು.

ಆ ಮನೆಯವರಿಗೆ ತೊಂಬತ್ತು ದಾಟಿದೆ. ಎದುರಿಗೆ ನಾವು ಇಲ್ಲಿನ ರೂಢಿಯಂತೆ ಹೆಸರು ಹಿಡಿದು ಕರೆಯುತ್ತೇವೆ. ಮನೆಯೊಳಗೆ ಅವರು "ಪಕ್ಕದ್ಮನೆ ಅಜ್ಜಿ". ಅವರು ಹುಟ್ಟಿ ಬೆಳೆದದ್ದು ಇದೇ ಬೀದಿಯಲ್ಲಿ. ದಾಳಿಯ ರಾತ್ರಿಗಳ ಬಗ್ಗೆ ಕೇಳಿದರೆ ಬಾಂಬಿನ ಮಾತು ಎರಡೇ ಮಾತು. ಉಳಿದದ್ದೆಲ್ಲ ನೀರಿನ ಮಾತು. ಜಿಗುಟು ಮಣ್ಣಿನ ನೆಲ, ನಾಲ್ಕಡಿ ಗುಂಡಿ, ಈ ದೇಶದ ಮಳೆ. ನೀರು ನಿಲ್ಲದೆ ಇನ್ನೇನಾಗುತ್ತದೆ? ಸೈರನ್ ಕೂಗಿದರೆ ಅವರಪ್ಪ ಮೊದಲು ಬಕೆಟ್ ಹಿಡಿದು ಓಡುತ್ತಿದ್ದರಂತೆ, ನೀರು ಎತ್ತಿ ಹಾಕಲು. ಅಮ್ಮನ ಕೈಯಲ್ಲಿ ರೇಷನ್ ಪುಸ್ತಕ, ವಿಮೆ ಕಾಗದ ಇದ್ದ ಬಿಸ್ಕತ್ತಿನ ಡಬ್ಬ. ಮಕ್ಕಳಿಗೆ ಜೇಡದ ಭಯ. ಇನ್ನೊಂದು ಬಕೆಟ್ ಮೂಲೆಯಲ್ಲಿ, ಪರದೆಯ ಹಿಂದೆ. ಅದು ಯಾತಕ್ಕೆ ಅಂತ ಹೇಳಬೇಕಿಲ್ಲ ಅಲ್ವಾ? ಚಳಿಗೆ ಒಂದು ಉಪಾಯವಿತ್ತು. ಮೇಣದಬತ್ತಿ ಹಚ್ಚಿ, ಅದರ ಮೇಲೆ ಮಣ್ಣಿನ ಹೂಕುಂಡವನ್ನು ಬೋರಲು ಹಾಕುವುದು. ಕುಂಡ ಕಾದು ಕೈ ಬೆಚ್ಚಗಾಗುವಷ್ಟು ಶಾಖ ಕೊಡುತ್ತಿತ್ತು. ಕಾಲು ಮಾತ್ರ ನೀರಲ್ಲೇ.

ಇಷ್ಟೆಲ್ಲ ಕೇಳಿದಮೇಲೆ ಒಂದು ಲೆಕ್ಕ ನನಗೆ ಆಶ್ಚರ್ಯ ಅನ್ನಿಸಲಿಲ್ಲ. 1940ರ ನವೆಂಬರಿನಲ್ಲಿ ಸರ್ಕಾರ ಲಂಡನ್ನಿನಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂದು ಎಣಿಸಿತು. 100 ಜನರಲ್ಲಿ 4 ಜನ ಮೆಟ್ರೋ ಸುರಂಗದಲ್ಲಿ, 9 ಜನ ಸಾರ್ವಜನಿಕ ಶೆಲ್ಟರುಗಳಲ್ಲಿ, 27 ಜನ ಮನೆಯ ಶೆಲ್ಟರಿನಲ್ಲಿ. ಉಳಿದವರು? ರಾತ್ರಿ ಡ್ಯೂಟಿಯವರನ್ನು ಬಿಟ್ಟರೆ, ತಮ್ಮ ತಮ್ಮ ಮನೆಯೊಳಗೇ. ಸಿನಿಮಾಗಳಲ್ಲಿ ನೋಡಿದರೆ ಇಡೀ ಲಂಡನ್ ಸುರಂಗದಲ್ಲಿ ಹಾಡು ಹೇಳುತ್ತಾ ಕೂತಿತ್ತು ಅನ್ನಿಸುತ್ತದೆ. ನಿಜದಲ್ಲಿ ಬಹಳ ಜನ ಕಂಬಳಿ ತಲೆ ತುಂಬ ಎಳೆದುಕೊಂಡು, ಬಂದದ್ದು ಬರಲಿ ಅಂತ ಮಲಗಿದ್ದರು. ದಿನಾ ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ಫ್ಯಾಕ್ಟರಿಗೆ ಹೋಗಬೇಕಾದವನಿಗೆ ಸಾವಿಗಿಂತ ನಿದ್ದೆಯದೇ ಚಿಂತೆ. ನಾನಿದ್ದರೂ ಬಹುಶಃ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

ಅಜ್ಜಿ ಮತ್ತು ಅಮ್ಮನ ನಡುವೆ ಬೇಲಿ ಮೇಲೆ ಮಾತುಕತೆ ನಡೆದಾಗ ನಾನೇ ದುಭಾಷಿ. "ನಿಮ್ಮಲ್ಲಿ ಇಂಥದ್ದು ಇತ್ತಾ?" ಎಂದು ಅಜ್ಜಿ ಕೇಳಿದರು. ಅಮ್ಮ 1971ರ ಯುದ್ಧ ನೆನೆಸಿಕೊಂಡಳು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದು, ಕಾರಿನ ದೀಪಕ್ಕೆ ಅರ್ಧ ಕಪ್ಪು ಬಣ್ಣ ಬಳಿದದ್ದು. "ಬಾಂಬು ಬಂದ್ರೆ ಮಂಚದ ಕೆಳಗೆ ಹೋಗಿ ಅಂತ ನಮ್ಮಪ್ಪ ಹೇಳಿದ್ರು. ಬರ್ಲೇ ಇಲ್ಲ ಬಿಡು" ಅಂದಳು. ಒಂದು ಕ್ಷಣ ಅದು ಅವಳಿಗೆ ನಿರಾಸೆಯಾದ ಹಾಗೇ ಕೇಳಿಸಿತು.

ಅಜ್ಜಿ ನಗಲಿಲ್ಲ. ಯಾಕೆಂದರೆ ನಮ್ಮಜ್ಜನ ಈ ಮಂಚದ ಉಪಾಯವನ್ನೇ ಬ್ರಿಟಿಷ್ ಸರ್ಕಾರ 1941ರಲ್ಲಿ ಕಬ್ಬಿಣದಲ್ಲಿ ಮಾಡಿ ಮನೆ ಮನೆಗೆ ಹಂಚಿತ್ತು. ಅಷ್ಟರಲ್ಲಿ ಮಂತ್ರಿ ಬದಲಾಗಿದ್ದರು. ಆಂಡರ್ಸನ್ ಜಾಗಕ್ಕೆ ಹರ್ಬರ್ಟ್ ಮಾರಿಸನ್, ಹಾಗಾಗಿ ಇದು ಮಾರಿಸನ್ ಶೆಲ್ಟರ್. ಮೇಲೆ ಉಕ್ಕಿನ ಹಲಗೆ, ಸುತ್ತ ತಂತಿ ಜಾಲರಿ. ಹಗಲು ಊಟದ ಮೇಜು, ರಾತ್ರಿ ಅದರ ಕೆಳಗೆ ಸಂಸಾರ. ಬಿಡಿಬಿಡಿಯಾಗಿ 359 ಭಾಗಗಳಾಗಿ ಬರುತ್ತಿತ್ತು, ಮನೆಯವರೇ ಜೋಡಿಸಿಕೊಳ್ಳಬೇಕು. ಇದನ್ನು ಯೋಚಿಸಿದ ಜಾನ್ ಬೇಕರ್ ಎಂಬ ಪ್ರೊಫೆಸರರ ತರ್ಕ ನನಗೆ ಬಹಳ ಇಷ್ಟ. ಬಾಂಬನ್ನು ತಡೆಯಲು ಹೋಗಬೇಡಿ, ಅದು ಆಗುವ ಕೆಲಸವಲ್ಲ. ಪಕ್ಕದಲ್ಲೆಲ್ಲೋ ಬಾಂಬು ಬಿದ್ದು ನಿಮ್ಮ ಮನೆಯ ಮಹಡಿ ನಿಮ್ಮ ಮೇಲೆ ಕುಸಿಯುತ್ತದಲ್ಲ, ಅದನ್ನು ತಡೆದರೆ ಸಾಕು. ಮೇಜು ಗಟ್ಟಿಯಾಗಿ ನಿಲ್ಲಬೇಕಾಗಿಲ್ಲ, ಒಂದಿಷ್ಟು ತಗ್ಗಿ ಬಗ್ಗಿ ಭಾರ ತಾಳಿಕೊಂಡರೆ ಒಳಗಿದ್ದವರು ಬದುಕುತ್ತಾರೆ. ಬದುಕಿದರು ಕೂಡ.

ಆದರೂ ಇವತ್ತು ಯಾರ ಮನೆಯಲ್ಲೂ ಮಾರಿಸನ್ ಮೇಜು ಕಾಣುವುದು ಅಪರೂಪ. ನೋಡಬೇಕೆಂದರೆ ಮ್ಯೂಸಿಯಮ್ಮಿಗೆ ಹೋಗಬೇಕು. ಬೀದಿಗಳಲ್ಲಿ ಕಟ್ಟಿದ್ದ ಇಟ್ಟಿಗೆ ಶೆಲ್ಟರುಗಳೂ ಹೆಚ್ಚು ಕಡಿಮೆ ಹೋದವು. ಅವುಗಳಿಗೆ ಮೊದಲಿಂದಲೂ ಕೆಟ್ಟ ಹೆಸರು. ಕೆಲವನ್ನು ಸಿಮೆಂಟೇ ಹಾಕದ ಗಾರೆಯಲ್ಲಿ ಕಟ್ಟಿದ್ದರು. ಗೋಡೆ ಸರಿದು ಕಾಂಕ್ರೀಟ್ ಚಾವಣಿ ತಲೆ ಮೇಲೇ ಕೂತ ಉದಾಹರಣೆಗಳಿವೆ. ಎಲ್ಲ ಶೆಲ್ಟರುಗಳಲ್ಲಿ ಹೆಚ್ಚು ಉಳಿದದ್ದು ಹಿತ್ತಲಿನ ತಗಡು. ಗೌರವದಿಂದ ಉಳಿಯಿತು ಅಂತ ನಾನು ನಂಬುವುದಿಲ್ಲ. ತಗಡು ಚೆನ್ನಾಗಿತ್ತು, ಅದಕ್ಕೆ ಉಳಿಯಿತು.

ಯುದ್ಧ ನಡೆಯುತ್ತಿರುವಾಗಲೇ ಜನ ಅದನ್ನು ಉಪಯೋಗಕ್ಕೆ ಹಚ್ಚಿಬಿಟ್ಟಿದ್ದರು. ಮೇಲಿನ ಮಣ್ಣನ್ನು ಖಾಲಿ ಬಿಡುವುದು ಯಾಕೆ? ಲೆಟಿಸ್ ಹಾಕಿದರು, ಹೂ ಹಾಕಿದರು, ಸೋರೆಯ ಜಾತಿಯ ಮ್ಯಾರೋ ಬಳ್ಳಿ ಹಬ್ಬಿಸಿದರು. ಯಾರ ಶೆಲ್ಟರ್ ಮೇಲಿನ ತೋಟ ಚೆನ್ನಾಗಿದೆ ಎಂದು ಬಡಾವಣೆಗಳಲ್ಲಿ ಸ್ಪರ್ಧೆಯೂ ನಡೆಯುತ್ತಿತ್ತು. ಕೆಳಗೆ ಜೀವ ಕೈಯಲ್ಲಿ ಹಿಡಿದು ಕೂತವರು, ಬೆಳಿಗ್ಗೆ ಎದ್ದು ಪಕ್ಕದವರ ಮ್ಯಾರೋಕಾಯಿ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದರು. ಯುದ್ಧ ಮುಗಿದಮೇಲೆ ಸರ್ಕಾರ ತಗಡನ್ನು ವಾಪಸ್ ಕೇಳಿತು. ಬೇಕಾದವರು ಅಲ್ಪಸ್ವಲ್ಪ ದುಡ್ಡು ಕಟ್ಟಿ ಇಟ್ಟುಕೊಳ್ಳಬಹುದಿತ್ತು. ಹಾಗೆ ಇಟ್ಟುಕೊಂಡವರು ಗುಂಡಿಯಿಂದ ಕಿತ್ತು ನೆಲದ ಮೇಲೆ ನಿಲ್ಲಿಸಿದರು. ಗುದ್ದಲಿ, ಕಲ್ಲಿದ್ದಲು, ಸೈಕಲ್ಲು, ಬಣ್ಣದ ಡಬ್ಬ. ಸತುವಿನ ಲೇಪ ಎಷ್ಟು ಚೆನ್ನಾಗಿತ್ತೆಂದರೆ ಎಂಬತ್ತು ವರ್ಷದ ಮೇಲೂ ಮಣ್ಣಿಗೆ ತಾಗುವ ಅಂಚು ಬಿಟ್ಟರೆ ಉಳಿದದ್ದು ಗಟ್ಟಿಯಾಗಿದೆ. "ಇರ್ಲಿ ಬಿಡು, ಯಾವುದಕ್ಕಾದ್ರೂ ಬರುತ್ತೆ" ಅಂತ ಅಟ್ಟಕ್ಕೆ ಸಾಮಾನು ತುಂಬುವ ನಮ್ಮ ಜನಕ್ಕೆ ಇದು ಬೇಗ ಅರ್ಥವಾಗುತ್ತದೆ.

ಲಂಡನ್ನಿನ ಓವಲ್ ಮೈದಾನ ಗೊತ್ತಲ್ಲ? 1971ರಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು ಮಲಗಿಸಿದ ಜಾಗ. ಆ ಸುತ್ತಿನಲ್ಲಿ, ಪೆಕಮ್, ಡೆಟ್‌ಫರ್ಡ್ ಕಡೆ ಕೂಡ, ಹಳೆಯ ಫ್ಲಾಟುಗಳ ಮುಂದಿನ ಕಬ್ಬಿಣದ ಬೇಲಿಯನ್ನು ಸ್ವಲ್ಪ ಗಮನಿಸಿ. ಕರಿ ಬಣ್ಣ ಬಳಿದ ಜಾಲರಿ, ಅಂಚಿನ ಕಂಬಿಗಳು ಎರಡು ಕಡೆ ಸುಮ್ನೆ ಕೊಂಕಿರುತ್ತವೆ. ಅವು ಬೇಲಿಯಲ್ಲ, ಸ್ಟ್ರೆಚರುಗಳು. ದಾಳಿಯಲ್ಲಿ ಗಾಯಗೊಂಡವರನ್ನು ಹೊರಲು ಲಕ್ಷಗಟ್ಟಲೆ ಮಾಡಿಸಿದ್ದು. ವಿಷಾನಿಲ ಬಿದ್ದರೂ ತೊಳೆಯಲು ಸುಲಭವಾಗಲಿ ಅಂತ ಪೂರ್ತಿ ಉಕ್ಕಿನಲ್ಲೇ ಮಾಡಿದ್ದರು. ನೆಲಕ್ಕಿಟ್ಟಾಗ ಕಾಲಿನಂತೆ ನಿಲ್ಲಲು ಆ ಕೊಂಕು. ಯುದ್ಧಕ್ಕೆ ಕಬ್ಬಿಣ ಬೇಕೆಂದು ಹಳೇ ಬೇಲಿಗಳನ್ನು ಕಿತ್ತುಕೊಂಡು ಹೋಗಿದ್ದರು. ಯುದ್ಧ ಮುಗಿದಮೇಲೆ ಉಳಿದ ಸ್ಟ್ರೆಚರುಗಳನ್ನು ಅಡ್ಡಡ್ಡ ಬೆಸೆದು ಬೇಲಿ ಮಾಡಿದರು. ಈಗ ಅದಕ್ಕೆ ಒರಗಿ ಹುಡುಗರು ಚಿಪ್ಸ್ ತಿನ್ನುತ್ತಾರೆ.

ಲಂಡನ್ನಿನ ಕ್ಲಾಪಮ್ ಸೌತ್ ಮೆಟ್ರೋ ಸ್ಟೇಷನ್ನಿನ ಕೆಳಗೆ 100 ಅಡಿಗೂ ಆಳದಲ್ಲಿ ಇರುವ ಶೆಲ್ಟರಿನದು ಇನ್ನೊಂದು ಕಥೆ. 1948ರಲ್ಲಿ ವಿಂಡ್‌ರಷ್ ಹಡಗಿನಲ್ಲಿ ಜಮೈಕಾ ಕಡೆಯಿಂದ ಕೆಲಸ ಹುಡುಕಿ ಬಂದವರಲ್ಲಿ, ಉಳಿಯಲು ಜಾಗವಿಲ್ಲದ 200ಕ್ಕೂ ಹೆಚ್ಚು ಜನರನ್ನು ಅಲ್ಲಿ ಇಳಿಸಿದರು. ಹತ್ತಿರದ ಉದ್ಯೋಗ ಕಚೇರಿ ಇದ್ದದ್ದು ಬ್ರಿಕ್ಸ್ಟನ್‌ನಲ್ಲಿ. ಕೆಲಸ ಸಿಕ್ಕವರು ಅಲ್ಲೇ ಸುತ್ತಮುತ್ತ ಮನೆ ಹಿಡಿದರು. ಬ್ರಿಕ್ಸ್ಟನ್ ಲಂಡನ್ನಿನ ಕೆರಿಬಿಯನ್ ಜನರ ಬಡಾವಣೆ ಎಂದು ಹೆಸರಾಗಿದ್ದರಲ್ಲಿ ಒಂದು ಶೆಲ್ಟರಿನ ಪಾಲಿದೆ. ಈ ದೇಶಕ್ಕೆ ಬಂದ ಹೊಸದರಲ್ಲಿ ನೆಂಟರ ಮನೆಯ ಬಾಕ್ಸ್ ರೂಮಿನಲ್ಲಿ ಸೂಟ್‌ಕೇಸುಗಳ ನಡುವೆ ಮಲಗಿದ್ದ ನನಗೆ ಈ ಕಥೆ ಉಳಿದೆಲ್ಲಕ್ಕಿಂತ ಹತ್ತಿರ.

ಇಲ್ಲಿನ ಪ್ರೈಮರಿ ಶಾಲೆಗಳಲ್ಲಿ ಎರಡನೇ ಮಹಾಯುದ್ಧದ ಪಾಠ ಬಂತೆಂದರೆ ಮನೆಗೆ ಆಂಡರ್ಸನ್ ಬಂತು ಅಂತಲೇ ಲೆಕ್ಕ. ಮಕ್ಕಳು ಶೂ ಡಬ್ಬದಲ್ಲಿ ಮಾದರಿ ಮಾಡಿಕೊಂಡು ಹೋಗಬೇಕು. ಅಂದರೆ ಅಪ್ಪ ಅಮ್ಮ ಮಾಡಬೇಕು. ಇಂಡಿಯನ್ ಅಂಗಡಿಯಿಂದ ಎಂಟಿಆರ್ ಪ್ಯಾಕೆಟ್ಟು ತುಂಬಿಕೊಂಡು ಬಂದಿದ್ದ ರಟ್ಟಿನ ಮೇಲ್ಪದರ ಸುಲಿದರೆ ಒಳಗೆ ಅಲೆ ಅಲೆಯಾದ ಪದರ ಸಿಗುತ್ತದೆ. ಅದನ್ನು ಬಗ್ಗಿಸಿ, ಬೂದು ಬಣ್ಣ ಬಳಿದು, ಮೇಲೆ ಟೀ ಸೊಪ್ಪಿನ ಚರಟ ಅಂಟಿಸಿ ಮಣ್ಣು ಮಾಡಿದೆವು. ಮಗಳು ಅದನ್ನು ಒಯ್ದು ಅಜ್ಜಿಗೆ ತೋರಿಸಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ಸುತ್ತಲೂ ನೋಡಿ, ಒಳಗೆ ನೀರೆಲ್ಲಿ ಎಂದು ಕೇಳಿದರು.

ಹೋದ ತಿಂಗಳು ಅಜ್ಜಿಯ ಮಗ ಬಂದಿದ್ದ. ಅವನಿಗೂ ಎಪ್ಪತ್ತರ ಹತ್ತಿರ. ಆ ತಗಡನ್ನು ತೆಗೆಸಿ ಪ್ಲಾಸ್ಟಿಕ್ ಶೆಡ್ಡು ಹಾಕಿಸೋಣ ಎಂದು ಅವನ ಹಟ. ಬೇಕಾದವರು ಬಿಚ್ಚಿಕೊಂಡು ಒಯ್ಯಬಹುದು ಎಂದು ಜಾಹೀರಾತನ್ನೂ ಹಾಕಿದ್ದ. ಒಬ್ಬ ಸ್ಪ್ಯಾನರ್ ತಂದು, ನೆತ್ತಿಯ ಬೋಲ್ಟುಗಳ ಮೇಲೆ ಅರ್ಧ ದಿನ ಹೆಣಗಿ, ಒಂದನ್ನೂ ತಿರುಗಿಸಲಾಗದೆ ಟೀ ಕುಡಿದು ಹೋದ. ನಾನು ಬೇಲಿಯ ಈಚೆ ಬಟ್ಟೆ ಹರವುತ್ತಾ, ಇಷ್ಟು ಹಳೆಯದನ್ನು ಯಾಕೆ ತೆಗೆಯಬೇಕು, ಇತಿಹಾಸ ಅಲ್ಲವಾ ಎಂದು ಮಗನಿಗೆ ಕೇಳುವ ಹಾಗೆ ಹೇಳಿದೆ. ಅಜ್ಜಿಗೆ ಆ ಮಾತು ಹಿಡಿಸಿದ ಹಾಗೆ ಕಾಣಲಿಲ್ಲ. "ಇತಿಹಾಸ ಹಾಗಿರಲಿ" ಅಂದರು, "ಹೊಸ ಶೆಡ್ಡು ಬರೋವರೆಗೆ ನನ್ನ ಹುಲ್ಲು ಕತ್ತರಿಸೋ ಮೆಷಿನ್ ಎಲ್ಲಿಡಲಿ?"